ಸಾಕಿದ ಹಾವಿಗೆ ಸೆಕೆ ಹೆಚ್ಚಿದರೆ

ಹಾವನ್ನು ಮನೆಯಲ್ಲಿ ಸಾಕುವುದೆಂದರೆ ನಮ್ಮಲ್ಲಿ ಅನೇಕರಿಗೆ ಮೈ ಜುಮ್ಮೆನ್ನುವುದು ಸಹಜ. ಆದರೆ ಯೂರೋಪು ಅಮೆರಿಕಗಳಲ್ಲಿ ನಾಯಿ ಬೆಕ್ಕುಗಳಂತೆ ಹಾವನ್ನೂ ಸಾಕುವವರು ಬಹುಮಂದಿ ಇದ್ದಾರೆ. ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ಮೊದಲಾದ ದೇಶಗಳ ಬಾಲ್ ಪೈಥಾನ್ ಎಂಬ ಗಿಡ್ಡ ಹೆಬ್ಬಾವು, ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಹಾವು, ಇವೆರಡು ಅಲ್ಲಿಯ ಮನೆಗಳಲ್ಲಿ ಹೆಚ್ಚಾಗಿ ಕಾಣಸಿಗುತ್ತವೆ. (ನಮ್ಮ ಕಾಡುಮೇಡುಗಳ ಹಾವನ್ನು ಹಿಡಿದು ಸಾಕುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನು ಓದುಗರು ಮರೆಯಬಾರದು.) ಶೀತದೇಶದಲ್ಲಿ ಇಂಥ ಹಾವು ಬದುಕಬೇಕಾದರೆ ಅದರ ಗಾಜಿನ ಪೆಟ್ಟಿಗೆಗೆ ಶಾಖ ಒದಗಿಸಲೇಬೇಕು. ಆದುದರಿಂದ ಸಾಕುವವರ ಚಿಂತೆಯೆಲ್ಲ ಚಳಿಯ ಕಡೆಗೇ ಇರುತ್ತದೆ. ಆದರೆ ಚಳಿ ಹಾವನ್ನು ನಿಧಾನವಾಗಿ ಕುಗ್ಗಿಸಿದರೆ ಸೆಕೆ ಅದನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಇದು ಹೇಗೆಂಬುದನ್ನು ನೋಡೋಣ.

ಹಾವನ್ನು ಶೀತರಕ್ತದ ಪ್ರಾಣಿಯೆಂದು ಕರೆಯುವುದು ರೂಢಿ. ಈ ಮಾತು ಅಷ್ಟು ಸರಿಯಲ್ಲ. ಬಿಸಿಲು ಕಾಯಿಸಿಕೊಂಡ ಹಾವಿನ ರಕ್ತ ನಮ್ಮ ರಕ್ತದಷ್ಟೇ ಬೆಚ್ಚಗಿರಬಹುದು. ವ್ಯತ್ಯಾಸವಿರುವುದು ಶಾಖದ ಮೂಲದಲ್ಲಿ. ನಾವು ಶಾಖವನ್ನು ದೇಹದೊಳಗೇ ಉತ್ಪಾದಿಸಿಕೊಳ್ಳುತ್ತೇವೆ. ಹಾವು ಅದನ್ನು ನೆಲದಿಂದ, ಗಾಳಿಯಿಂದ, ಸೂರ್ಯನಿಂದ ಪಡೆಯುತ್ತದೆ. ಇದಕ್ಕೊಂದು ಸ್ವಾರಸ್ಯವಾದ ಅಪವಾದವುಂಟು. ಮೊಟ್ಟೆಗಳನ್ನು ಸುತ್ತಿಕೊಂಡು ಕಾವು ಕೊಡುವ ಏಷ್ಯದ ಹೆಣ್ಣು ಹೆಬ್ಬಾವು ಸ್ನಾಯುಗಳನ್ನು ಮತ್ತೆ ಮತ್ತೆ ಬಿಗಿದು ಮೈಯನ್ನು ಸುತ್ತಣ ಗಾಳಿಗಿಂತ ಬಿಸಿಯಾಗಿ ಇಟ್ಟುಕೊಳ್ಳುತ್ತದೆ. ಪ್ಯಾರಿಸ್ಸಿನಲ್ಲಿ ವಾಲೆನ್ಸಿಯೆನ್ ೧೮೪೧ರಲ್ಲಿ ಪ್ರಕಟಿಸಿದ ಈ ಸಂಗತಿಯನ್ನು ನ್ಯೂಯಾರ್ಕಿನ ಮೃಗಾಲಯದ ಪ್ರಯೋಗವೊಂದು ೧೯೬೬ರಲ್ಲಿ ದೃಢಪಡಿಸಿತು. ಆದರೆ ಆ ಹೆಬ್ಬಾವು ಕೂಡ ತನ್ನನ್ನು ಬಿಸಿಮಾಡಿಕೊಳ್ಳಬಲ್ಲದೇ ಹೊರತು ತಣ್ಣಗೆ ಮಾಡಿಕೊಳ್ಳಲಾರದು. ಹಾವಿಗೆ ಬೆವರಿನ ಗ್ರಂಥಿಗಳಿಲ್ಲ. ಸೆಕೆಯಿಂದ ಪಾರಾಗಲು ಅದಕ್ಕಿರುವ ಉಪಾಯ ಒಂದೇ: ಅಲ್ಲಿಂದ ಹೊರಟುಹೋಗುವುದು.

ಮರುಭೂಮಿಯ ಸರೀಸೃಪಗಳು ಎಂಥ ಬಿಸಿಲನ್ನಾದರೂ ತಾಳುತ್ತವೆಂದು ಜನ ಬಹುಕಾಲ ನಂಬಿದ್ದರು. ವಾಲ್ಟರ್ ಮೊಸಾವರ್ ೧೯೩೬ರಲ್ಲಿ ಈ ನಂಬಿಕೆಯನ್ನು ಮುರಿದನು. ನೆರಳಿಗೆ ಓಡಲು ಅವಕಾಶವಿಲ್ಲದಂತೆ ಮಧ್ಯಾಹ್ನದ ಬಿಸಿಲಿನಲ್ಲಿ ಇರಿಸಿದರೆ ಮರುಭೂಮಿಯ ಹಾವು ಹಲ್ಲಿಗಳು ಕೆಲವೇ ನಿಮಿಷಗಳಲ್ಲಿ ಸತ್ತುಹೋಗುತ್ತವೆಂದು ಅವನು ತೋರಿಸಿದನು. ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಎಂಬ ಅಮೆರಿಕದ ವಿಜ್ಞಾನಿಗಳು ೧೯೪೪ರಲ್ಲಿ ಇನ್ನೂ ಮುಂದೆ ಹೋದರು. ಸಾವಿಗೆ ಮುಂಚೆಯೇ ಬರುವ ಒಂದು ಉಷ್ಣತೆಯನ್ನು ಅವರು ಗುರುತಿಸಿದರು. ಆ ಮಟ್ಟದಲ್ಲಿ ಪ್ರಾಣಿಗೆ ಇನ್ನೂ ಜೀವವಿರುತ್ತದೆ. ಆದರೆ ಚಲನೆಯ ಹಿಡಿತ ತಪ್ಪಿಹೋಗುತ್ತದೆ, ತನ್ನನ್ನು ಕೊಲ್ಲುತ್ತಿರುವ ಜಾಗದಿಂದ ತೆವಳಿ ಪಾರಾಗುವ ಶಕ್ತಿ ಉಳಿಯುವುದಿಲ್ಲ. ಬಹುಪಾಲು ಹಾವುಗಳಲ್ಲಿ ಈ ಮಟ್ಟ ೪೦ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದೆ. ಹಾವು ಹಿತವಾಗಿರುವುದು ೩೦ ಡಿಗ್ರಿಯ ಸುತ್ತಮುತ್ತ. ಎಂದರೆ ಹಿತಕ್ಕೂ ವಿನಾಶಕ್ಕೂ ನಡುವೆ ಇರುವುದು ಸುಮಾರು ೧೦ ಡಿಗ್ರಿ ಮಾತ್ರ.

ಈ ೧೦ ಡಿಗ್ರಿಯಲ್ಲಿ ದೇಹದೊಳಗೆ ಆಗುವುದೇನು? ಉಷ್ಣತೆ ೧೦ ಡಿಗ್ರಿ ಏರಿದರೆ ಜೀವಕೋಶಗಳ ರಾಸಾಯನಿಕ ಕ್ರಿಯೆಗಳು ಎರಡು ಮೂರು ಪಟ್ಟು ಚುರುಕಾಗುತ್ತವೆ. ಆಮ್ಲಜನಕದ ಬೇಡಿಕೆಯೂ ಅಷ್ಟೇ ಏರುತ್ತದೆ. ಹೃದಯ ಶ್ವಾಸಕೋಶಗಳು ಅದನ್ನು ಪೂರೈಸಲಾರದೆ ಸೋಲುತ್ತವೆ. ಇನ್ನೂ ಮೇಲೇರಿದರೆ ನರಗಳ ಕೆಲಸ ಕೆಡುತ್ತದೆ, ಪ್ರೋಟೀನುಗಳ ರಚನೆಯೇ ಸಡಿಲುತ್ತದೆ. ಬೆಂದ ಮೊಟ್ಟೆಯ ಬಿಳಿ ಮತ್ತೆ ನೀರಾಗುವುದಿಲ್ಲವಷ್ಟೆ.

ಇನ್ನು ಪೆಟ್ಟಿಗೆಯ ವಿಚಾರ. ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಒಳಗಿನ ವಸ್ತುಗಳು ಹೊರಸೂಸುವ ದೀರ್ಘ ತರಂಗದ ಅವಕೆಂಪು ಕಿರಣಗಳನ್ನು ತಡೆಯುತ್ತದೆ, ಆದ್ದರಿಂದ ಪೆಟ್ಟಿಗೆ ಬಿಸಿಯಾಗುತ್ತದೆ ಎಂದು ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ೧೯೦೯ರಲ್ಲಿ ಇದನ್ನು ಪರೀಕ್ಷಿಸಿದನು. ಕಪ್ಪು ರಟ್ಟಿನ ಎರಡು ಪೆಟ್ಟಿಗೆಗಳಲ್ಲಿ ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಅವಕೆಂಪು ಕಿರಣಗಳನ್ನು ಸರಾಗವಾಗಿ ಹಾಯಗೊಡುವ ಸೈಂಧವ ಲವಣದ ಫಲಕವನ್ನೂ ಮುಚ್ಚಿ ಬಿಸಿಲಿಗಿಟ್ಟನು. ಎರಡಕ್ಕೂ ಒಂದೇ ಬಗೆಯ ಬಿಸಿಲು ಬೀಳುವಂತೆ ಮುಂದೆ ಮತ್ತೊಂದು ಗಾಜನ್ನು ಹಿಡಿದಾಗ ಎರಡೂ ಸುಮಾರು ೫೫ ಡಿಗ್ರಿಗೆ ಏರಿದುವು. ಅವುಗಳ ನಡುವಣ ಅಂತರ ಒಂದು ಡಿಗ್ರಿಯೂ ಇರಲಿಲ್ಲವೆನ್ನಬಹುದು. ಪೆಟ್ಟಿಗೆ ಕಾಯಲು ಮುಖ್ಯ ಕಾರಣ, ಬಿಸಿಗಾಳಿ ಮೇಲೆದ್ದು ಹೊರಟುಹೋಗಲು ದಾರಿಯಿಲ್ಲದಿರುವುದು. ಹಾವಿನ ಪೆಟ್ಟಿಗೆಯ ಮುಚ್ಚಳಕ್ಕೆ ತಂತಿಬಲೆ ಏಕೆ ಬೇಕು, ಕಿಟಕಿಯ ಬಿಸಿಲು ಒಂದು ಗಳಿಗೆಯೂ ಅದರ ಮೇಲೆ ಏಕೆ ಬೀಳಬಾರದು ಎಂಬುದು ಇದರಿಂದ ತಿಳಿಯುತ್ತದೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ೧೦೦ ಗ್ರಾಂ ತೂಕದ ಎಳೆಯ ಹಾವು ದೀಪದ ಕೆಳಗೆ ಸಿಕ್ಕಿಕೊಂಡಿದೆಯೆಂದೂ ಅದರ ಮೈ ೫ ವ್ಯಾಟ್ ಶಾಖವನ್ನು, ಅಂದರೆ ಸೆಕೆಂಡಿಗೆ ೧.೨ ಕ್ಯಾಲೊರಿಯನ್ನು, ಹೀರುತ್ತಿದೆಯೆಂದೂ ಭಾವಿಸೋಣ. ಮಾಂಸದ ವಿಶಿಷ್ಟೋಷ್ಣ ಸುಮಾರು ೦.೮. ಉಷ್ಣತೆ ೧೦ ಡಿಗ್ರಿ ಏರಲು ೮೦೦ ಕ್ಯಾಲೊರಿ ಸಾಕು. ಅಷ್ಟು ಶಾಖ ಸೇರಲು ಹಿಡಿಯುವ ಕಾಲ ಹನ್ನೊಂದು ನಿಮಿಷ! ದಪ್ಪ ಹಾವು ಇಷ್ಟು ಬೇಗ ಕಾಯುವುದಿಲ್ಲ. ಉರುಳೆಯಾಕಾರದ ವಸ್ತುವಿನಲ್ಲಿ ದಪ್ಪ ಮೂರು ಪಟ್ಟಾದರೆ ಗಾತ್ರಕ್ಕೆ ಹೋಲಿಸಿದ ಮೇಲ್ಮೈ ಮೂರರಲ್ಲಿ ಒಂದಾಗುತ್ತದೆ. ಮರಿಗಳಿಗೇ ಅಪಾಯ ಹೆಚ್ಚೆಂಬುದಕ್ಕೆ ಇದೇ ಕಾರಣ.

ಬಾಲ್ ಪೈಥಾನ್ ತನ್ನ ನಾಡಿನಲ್ಲಿ ಹಗಲನ್ನು ಇಲಿ ಹೆಗ್ಗಣಗಳ ಬಿಲದಲ್ಲಿ ಕಳೆಯುತ್ತದೆ. ನೆಲದ ಮೇಲೆ ಬಿಸಿಲು ಸುಡುತ್ತಿರುವಾಗಲೂ ಬಿಲದೊಳಗೆ ತಂಪಿರುತ್ತದೆ. ಪೆಟ್ಟಿಗೆಯಲ್ಲಿಯೂ ಅಂಥ ತಂಪಿನ ಮೂಲೆ ಇರಲೇಬೇಕು. ತಿಳಿದವರು ಒಂದು ತುದಿಯನ್ನು ೩೧-೩೨ ಡಿಗ್ರಿಯಲ್ಲಿಯೂ ಇನ್ನೊಂದು ತುದಿಯನ್ನು ೨೫-೨೬ ಡಿಗ್ರಿಯಲ್ಲಿಯೂ ಇರಿಸಿ, ಎರಡೂ ಕಡೆ ಅಡಗುದಾಣವಿಡುತ್ತಾರೆ. ತಂಪು ತುದಿಯಲ್ಲಿ ಅಡಗುದಾಣವಿಲ್ಲದಿದ್ದರೆ ಅಂಜುಬುರುಕ ಹಾವು ಬಯಲಿಗೆ ಬರುವುದಕ್ಕಿಂತ ಬಿಸಿಯಲ್ಲಿಯೇ ಅಡಗಿರಬಹುದು. ಗೋಡೆಗೆ ಅಂಟಿಸಿದ ಉಷ್ಣಮಾಪಕವನ್ನು ನಂಬುವುದು ದೊಡ್ಡ ತಪ್ಪು. ಅದು ತಿಳಿಸುವುದು ಆ ಜಾಗದ ಗಾಳಿಯ ಉಷ್ಣತೆಯನ್ನು. ಹಾವಿನ ಹೊಟ್ಟೆ ತಾಗುವುದು ನೆಲಕ್ಕೆ. ಪೆಟ್ಟಿಗೆಯ ಅಡಿಯಲ್ಲಿಟ್ಟ ಶಾಖದ ಹಾಸಿನ ಮೇಲೆ ಮರದ ಹೊಟ್ಟನ್ನು ದಪ್ಪವಾಗಿ ಹರಡಿದರೆ, ಹೊಟ್ಟು ಶಾಖವನ್ನು ಮೇಲಕ್ಕೆ ಬಿಡದೆ ಅಡಿಯ ಗಾಜು ಸುಡುವಂತಾಗುತ್ತದೆ. ಹೊಟ್ಟನ್ನು ಕೊರೆದು ಕೆಳಗಿಳಿದ ಹಾವಿಗೆ ಸುಟ್ಟಗಾಯ ತಪ್ಪದು. ವಿದ್ಯುತ್ತಿನಿಂದ ಕಾಯುವ ಕೃತಕ ಕಲ್ಲುಗಳಂತೂ ಬೇಡವೇ ಬೇಡ. ಯಾವ ಸಾಧನವೇ ಆಗಲಿ, ಅದಕ್ಕೊಂದು ಥರ್ಮೋಸ್ಟಾಟ್ ಇರಲೇಬೇಕು.

ಪೆಟ್ಟಿಗೆಗಿಂತ ಕ್ರೂರವಾದ ಬಲೆಯೆಂದರೆ ಬಿಸಿಲಿನಲ್ಲಿ ನಿಲ್ಲಿಸಿದ ಕಾರು. ಗಾಜು ಏರಿಸಿದ ಕಾರಿನ ಒಳಗಾಳಿ ಒಂದು ಗಂಟೆಯಲ್ಲಿ ೨೦ ಡಿಗ್ರಿಯಷ್ಟು ಮೇಲೇರಬಹುದು, ಅದರ ಬಹುಭಾಗ ಮೊದಲ ಅರ್ಧ ಗಂಟೆಯಲ್ಲಿಯೇ. ಈ ಮಾತು ನಮ್ಮ ನಾಡಿಗೂ ಸಲ್ಲುತ್ತದೆ. ಊರೊಳಗೆ ಬಂದ ನಾಗರಹಾವನ್ನು ಕೇರೆಹಾವನ್ನು ಕೊಲ್ಲದೆ ಹಿಡಿಸಿ ಕಾಡಿಗೆ ಬಿಡಿಸುವ ಒಳ್ಳೆಯ ಪದ್ಧತಿ ಇಂದು ಬೆಳೆದಿದೆ. ಆದರೆ ಹಾವನ್ನು ತುಂಬಿದ ಪ್ಲಾಸ್ಟಿಕ್ ಡಬ್ಬವನ್ನು ಬೇಸಿಗೆಯ ಬಿಸಿಲಿನಲ್ಲಿ ಬಿಟ್ಟು ಜನ ಮಾತಿಗೆ ನಿಂತರೆ, ಕಲ್ಲೇಟಿನಿಂದ ಉಳಿದ ಹಾವು ಸೆಕೆಯಿಂದ ಸತ್ತೀತು.

ಸೆಕೆ ಹೆಚ್ಚಿದ ಹಾವು ಮೊದಲು ನೆಮ್ಮದಿಗೆಟ್ಟು ಓಡಾಡುತ್ತದೆ, ಮೂತಿಯನ್ನು ಗಾಜಿಗೆ ಉಜ್ಜುತ್ತದೆ, ನೀರಿನ ಬಟ್ಟಲಿನಲ್ಲಿಯೇ ಬಿದ್ದಿರುತ್ತದೆ. ಆಮೇಲೆ ಬಾಯಿ ತೆರೆದು ಉಸಿರಾಡುತ್ತದೆ. ಕೊನೆಗೆ ಮೈ ಸಡಿಲವಾಗುತ್ತದೆ. ಬೆನ್ನಡಿಯಾಗಿ ಬಿದ್ದರೆ ತಾನಾಗಿ ಮಗುಚಿಕೊಳ್ಳಲಾರದು. ಇದೇ ಕೌಲ್ಸ್ ಮತ್ತು ಬೋಗರ್ಟ್ ಹೇಳಿದ ಮಟ್ಟ. ಆಗ ಹಾವಿನ ಕೆಲಸವನ್ನು ಸಾಕಿದವನೇ ಮಾಡಬೇಕು. ಅದನ್ನು ಕೂಡಲೇ ನೆರಳಿನ ತಂಪು ಜಾಗಕ್ಕೆ ಒಯ್ಯಬೇಕು. ಸುಮಾರು ೨೫ ಡಿಗ್ರಿಯ ನೀರನ್ನು ಅಗಲವಾದ ಪಾತ್ರೆಯಲ್ಲಿ ಮೈಯ ಅರ್ಧ ಮುಳುಗುವಷ್ಟೇ ತೆಗೆದುಕೊಂಡು ಅದರಲ್ಲಿ ಮಲಗಿಸಬೇಕು. ತಲೆಯನ್ನು ಕೈಯಿಂದ ಮೇಲೆ ಹಿಡಿದಿರಬೇಕು, ಏಕೆಂದರೆ ಶಕ್ತಿಗುಂದಿದ ಹಾವು ಎರಡು ಬೆರಳು ನೀರಿನಲ್ಲಿಯೂ ಮುಳುಗಬಲ್ಲದು. ನೀರು ಸಿದ್ಧವಿಲ್ಲದಿದ್ದರೆ ಒದ್ದೆ ಬಟ್ಟೆ ಹೊದಿಸಿ ಬೀಸಣಿಗೆಯಿಂದ ಗಾಳಿ ಹಾಕಬಹುದು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು ೫೮೦ ಕ್ಯಾಲೊರಿಯಷ್ಟು ಗುಪ್ತೋಷ್ಣ ಬೇಕು. ಮೇಲಿನ ಲೆಕ್ಕದ ೮೦೦ ಕ್ಯಾಲೊರಿಯನ್ನು ಕಳೆಯಲು ಒಂದೂವರೆ ಗ್ರಾಂ ನೀರು ಸಾಕಾಯಿತು! ಆ ಶಾಖದಲ್ಲಿ ಒಂದು ಪಾಲು ಗಾಳಿಯಿಂದಲೂ ಬರುವುದರಿಂದ ವಾಸ್ತವದಲ್ಲಿ ಇನ್ನಷ್ಟು ಬೇಕಾಗುತ್ತದೆ; ಆದರೂ ಪ್ರಕೃತಿ ಹಾವಿಗೆ ಕೊಡದ ಬೆವರನ್ನು ಒದ್ದೆ ಬಟ್ಟೆ ಎರವಲು ಕೊಡುತ್ತದೆ. ಮಂಜುಗಡ್ಡೆಯನ್ನು ಮಾತ್ರ ಮುಟ್ಟಬಾರದು. ಅತಿಶೀತದಿಂದ ಚರ್ಮದ ರಕ್ತನಾಳಗಳು ಕುಗ್ಗಿ ಒಳಗಿನ ಶಾಖ ಹೊರಬರುವ ದಾರಿ ಮುಚ್ಚುತ್ತದೆ. ಬಾಯಿಗೆ ನೀರು ಹೊಯ್ಯುವುದೂ ಸಲ್ಲದು, ಅದು ಶ್ವಾಸನಾಳಕ್ಕೆ ಇಳಿದೀತು.

ಹಾವು ಎಚ್ಚೆತ್ತು ನಾಲಗೆ ಚಾಚತೊಡಗಿದರೂ ಪಶುವೈದ್ಯರಿಗೆ ತೋರಿಸತಕ್ಕದ್ದು. ನರಗಳಿಗೆ ತಗುಲಿದ ಹಾನಿ ತಲೆಯ ಅದುರಾಟವಾಗಿ ಆಮೇಲೆ ಕಾಣಿಸಿಕೊಳ್ಳುವುದುಂಟು. ವೈದ್ಯರು ಸಮ್ಮತಿಸುವವರೆಗೆ ಆಹಾರ ಕೊಡಬಾರದು. ಬೇಟೆಯನ್ನು ನುಂಗಿದ ಹೆಬ್ಬಾವಿನ ಆಮ್ಲಜನಕದ ಬಳಕೆ ಜೀರ್ಣಕ್ರಿಯೆಯ ದಿನಗಳಲ್ಲಿ ಹಲವು ಪಟ್ಟು ಏರುತ್ತದೆ. ಆಗತಾನೇ ಸೋತ ಹೃದಯಕ್ಕೆ ಅಂಥ ಹೊರೆ ತಕ್ಕುದಲ್ಲ.