ಮಜ್ಜಿಗೆಯಂತಾದ ಎಂಜಿನ್ ಆಯಿಲ್

ಕಾರಿನ ವಿಷಯ ಗಂಡಸರಿಗೆ ಸೇರಿದ್ದು ಎಂದು ನಮ್ಮ ಅನೇಕ ಸಹೋದರಿಯರು ಸುಮ್ಮನಿರುತ್ತಾರೆ. ಆದರೆ ಎಂಜಿನ್ ಕೆಟ್ಟಾಗ ಅದರ ಹೊರೆ ಬೀಳುವುದು ಇಡೀ ಮನೆಯ ಮೇಲೆ. ಮಕ್ಕಳ ಫೀಸಿಗೆಂದು ಇಟ್ಟ ಹಣ ಗ್ಯಾರೇಜಿಗೆ ಹೋಗುತ್ತದೆ. ಅಂಥ ದೊಡ್ಡ ಖರ್ಚಿಗೆ ದಾರಿ ಮಾಡುವ ಒಂದು ಕೇಡೆಂದರೆ ಎಂಜಿನ್ ಆಯಿಲ್ ಮತ್ತು ಕೂಲೆಂಟ್ ಒಂದರೊಳಗೊಂದು ಬೆರೆಯುವುದು. ಅದನ್ನು ಬೇಗ ಗುರುತಿಸಲು ಮೆಕ್ಯಾನಿಕ್ ಆಗಿರಬೇಕಿಲ್ಲ.

ಎಂಜಿನ್ನಿನಲ್ಲಿ ಆಯಿಲ್ ಉಜ್ಜಾಡುವ ಭಾಗಗಳು ಸವೆಯದಂತೆ ಕಾಯುತ್ತದೆ. ಕೂಲೆಂಟ್ ಬಿಸಿಯನ್ನು ರೇಡಿಯೇಟರಿಗೆ ಒಯ್ಯುತ್ತದೆ. ಎರಡರ ದಾರಿಯೂ ಬೇರೆ. ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇರುವ ತೆಳುವಾದ ಗ್ಯಾಸ್ಕೆಟ್ ಇವೆರಡನ್ನು ಬೆರೆಯಗೊಡುವುದಿಲ್ಲ. ಎಂಜಿನ್ ಮಿತಿಮೀರಿ ಕಾದರೆ ಗ್ಯಾಸ್ಕೆಟ್ ಹಾಳಾಗಬಹುದು, ಹೆಡ್ ಬಾಗಬಹುದು ಅಥವಾ ಬಿರುಕು ಬಿಡಬಹುದು.

ಹೊಸಪೇಟೆ-ಬಳ್ಳಾರಿ ಹೆದ್ದಾರಿಯಲ್ಲಿರುವ ಪಾಪಿನಾಯಕನಹಳ್ಳಿಯಂಥ ಊರುಗಳಲ್ಲಿ ಈ ಎಚ್ಚರ ಹೆಚ್ಚು ಬೇಕು. ಇಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅದಿರಿನ ಕೆಂಪು ಧೂಳು ರೇಡಿಯೇಟರಿನ ಸಂದುಗಳಲ್ಲಿ ಕುಳಿತರೆ ಗಾಳಿಯಾಡುವುದಿಲ್ಲ. ಕೂಲೆಂಟಿನ ಬದಲು ಬೋರ್‌ವೆಲ್ಲಿನ ಗಡಸು ನೀರು ಸುರಿಯುತ್ತಾ ಹೋದರೆ ಒಳಗೆ ತುಕ್ಕು ಮತ್ತು ಸುಣ್ಣದ ಪದರ ಕಟ್ಟುತ್ತದೆ.

ಗುರುತುಗಳೇನು?

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಕಾದ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿ, ಮಜ್ಜಿಗೆಯಂತೆ ಕದಡಿದ್ದರೆ ಅದಕ್ಕೆ ನೀರು ಸೇರಿದೆ. ಹಾಕದಿದ್ದರೂ ಆಯಿಲಿನ ಮಟ್ಟ ಏರಿದ್ದರೆ ಸಂಶಯ ಬಲವಾಗುತ್ತದೆ. ಕೂಲೆಂಟ್ ಡಬ್ಬಿಯಲ್ಲಿ ಕಂದು ಜಿಡ್ಡು ತೇಲುವುದು, ಹೊರಗೆಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುವುದು, ಎಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದಿರುವುದು ಇತರ ಸೂಚನೆಗಳು.

ಅವಸರದ ತೀರ್ಮಾನ ಬೇಡ

ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಮಾತ್ರ ತುಸು ಬಿಳಿ ಕೆನೆ ಇದ್ದು ಕಡ್ಡಿಯ ಆಯಿಲ್ ಸ್ವಚ್ಛವಾಗಿದ್ದರೆ ಗಾಬರಿಯಾಗಬೇಡಿ. ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿನ ಎಂಜಿನ್ ಪೂರ್ತಿ ಕಾಯುವುದಿಲ್ಲ. ಮಳೆಗಾಲ, ಚಳಿಗಾಲದಲ್ಲಿ ಒಳಗಿನ ಆವಿ ಅಲ್ಲೇ ಹನಿಯಾಗಿ ನಿಲ್ಲುತ್ತದೆ. ಒರೆಸಿ, ಒಮ್ಮೆ ದೂರ ಓಡಿಸಿ, ಮತ್ತೆ ನೋಡಿ.

ಕೂಲೆಂಟಿನಲ್ಲಿ ಮಾತ್ರ ಜಿಡ್ಡಿದ್ದು ಆಯಿಲ್ ಸ್ವಚ್ಛವಾಗಿದ್ದರೆ ತಪ್ಪು ಆಯಿಲ್ ಕೂಲರಿನದ್ದೂ ಇರಬಹುದು. ಎಂಜಿನ್ ಓಡುವಾಗ ಆಯಿಲಿನ ಒತ್ತಡ ಕೂಲೆಂಟಿಗಿಂತ ಹೆಚ್ಚು. ಆದ್ದರಿಂದ ಕೂಲರಿನಲ್ಲಿ ಸಣ್ಣ ತೂತಾದರೂ ಆಯಿಲ್ ಆ ಕಡೆ ನುಗ್ಗುತ್ತದೆ. ಕೆಲವು ಆಟೋಮ್ಯಾಟಿಕ್ ಕಾರುಗಳಲ್ಲಿ ಗೇರಿನ ಆಯಿಲ್ ತಣಿಸುವ ಕೊಳವೆ ರೇಡಿಯೇಟರಿನೊಳಗೇ ಇರುತ್ತದೆ. ಅದು ಸೋರಿದರೂ ಹೀಗೆಯೇ ಕಾಣುತ್ತದೆ. ಹೆಡ್ ಇಳಿಸುವ ಕೆಲಸಕ್ಕೆ ಖರ್ಚು ಬಹಳ. ಆದ್ದರಿಂದ ಅದಕ್ಕೆ ಮೊದಲು ಕೂಲೆಂಟಿನ ಪ್ರೆಷರ್ ಪರೀಕ್ಷೆ, ಸಿಲಿಂಡರಿನ ಕಂಪ್ರೆಷನ್ ಪರೀಕ್ಷೆ ಮಾಡಿಸುವಂತೆ ಕೇಳಿ. ಹೆಡ್ ಇಳಿಸಿದರೆ ಅದು ಬಾಗಿದೆಯೇ ಎಂದು ಅಳೆದು ನೋಡದೆ ಹೊಸ ಗ್ಯಾಸ್ಕೆಟ್ ಕೂರಿಸಬಾರದು.

ಬೆರಕೆ ಖಚಿತವಾದರೆ "ಹೇಗೋ ಹೊಸಪೇಟೆ ತಲುಪಿದರೆ ಸಾಕು" ಎಂದು ಓಡಿಸಬೇಡಿ. ನೀರು ಬೆರೆತ ಆಯಿಲ್ ಬೇರಿಂಗುಗಳನ್ನು ಕಾಯಲಾರದು. ಗಾಡಿಯನ್ನು ಎಳೆಸಿಕೊಂಡು ಹೋಗುವುದೇ ಅಗ್ಗ. ರಿಪೇರಿಯ ನಂತರ ಆಯಿಲ್, ಫಿಲ್ಟರ್ ಬದಲಿಸಿ, ಕೂಲೆಂಟಿನ ದಾರಿಯನ್ನೂ ಪೂರ್ತಿ ತೊಳೆಸಬೇಕು. ಬಸಿದ ಕೂಲೆಂಟ್ ಅಂಗಳಕ್ಕೆ ಚೆಲ್ಲದಿರಲಿ. ಸಿಹಿ ರುಚಿಯ ಆ ದ್ರವ ಮಕ್ಕಳಿಗೂ ಪ್ರಾಣಿಗಳಿಗೂ ವಿಷ.

ಮಾರುವಾಗ ಅಲ್ಲಾಹನ ಭಯವಿರಲಿ

ಕೆಲವರು ಇಂಥ ಕಾರಿಗೆ ಹೊಸ ಆಯಿಲ್ ಹಾಕಿಸಿ, ಮುಚ್ಚಳ ಒರೆಸಿ, ಒಳ್ಳೆಯ ಗಾಡಿಯೆಂದು ದಾಟಿಸಿಬಿಡುತ್ತಾರೆ. ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಅಡಿಯಲ್ಲಿ ತೇವವಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿ, ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಮುಚ್ಚಳದಡಿಯ ತೇವಕ್ಕೂ ಇದೇ ನಿಯಮ. ದೋಷ ತಿಳಿಸಿ ಮಾರಿದರೆ ಬೆಲೆ ಕಡಿಮೆ ಸಿಗಬಹುದು. ಆದರೆ ಮುಚ್ಚಿಟ್ಟು ಪಡೆದ ಹಣ ಇನ್ನೊಂದು ಮನೆಯ ಮಕ್ಕಳ ಫೀಸಿನದಾಗಿರಬಹುದು. ಗಾಡಿ ಕೊಳ್ಳುವ, ಮಾರುವ ಮಾತು ಮನೆಯಲ್ಲಿ ಬಂದಾಗ ಸಹೋದರಿಯರು ಈ ಎರಡನ್ನೂ ಕೇಳಲಿ: ಕಡ್ಡಿ ಎಳೆದು ನೋಡಿದಿರಾ? ನೋಡಿದ್ದನ್ನು ಹೇಳಿದಿರಾ?