ವಿಜಯಪುರದ ಗುಮ್ಮಟ ನಿಂತದ್ದು ಹೇಗೆ, ನೀರು ಬಂದದ್ದು ಹೇಗೆ

ವಿಜಯಪುರಕ್ಕೆ ಬರುವ ಬಹಳಷ್ಟು ಮಂದಿ ನೇರ ಗೋಳಗುಮ್ಮಟಕ್ಕೆ ಹೋಗಿ, ಮೇಲೆ ಹತ್ತಿ ಒಮ್ಮೆ ಜೋರಾಗಿ ಕೂಗಿ, ಕೆಳಗಿಳಿದು ಊಟ ಮಾಡಿ ಬಾದಾಮಿಯ ದಾರಿ ಹಿಡಿಯುತ್ತಾರೆ. ಊರಿನ ಉಳಿದ ಸ್ಮಾರಕಗಳ ಮಾತು ಹಾಗಿರಲಿ, ಗೋಳಗುಮ್ಮಟವನ್ನೂ ಅವರು ಸರಿಯಾಗಿ ನೋಡಿರುವುದಿಲ್ಲ. 15ನೇ ಶತಮಾನದ ಕೊನೆಯಿಂದ 1686ರಲ್ಲಿ ಔರಂಗಜೇಬನ ಕೈಸೇರುವವರೆಗೆ ಇದು ಆದಿಲ್‌ಶಾಹಿಗಳ ರಾಜಧಾನಿ. ಇಲ್ಲಿನ ದೊಡ್ಡ ಕಟ್ಟಡಗಳಲ್ಲಿ ಹೆಚ್ಚಿನವು 16ನೇ ಶತಮಾನದ ನಡುಭಾಗದಿಂದ ಸುಮಾರು ನೂರು ವರ್ಷಗಳಲ್ಲಿ ಎದ್ದವು. ಒಂದು ಕಟ್ಟಡದಲ್ಲಿ ಕಲಿತದ್ದು ಮುಂದಿನದರಲ್ಲಿ ಬಳಕೆಯಾಗಿದೆ. ಆದ್ದರಿಂದ ನೋಡುವ ಕ್ರಮ ಮುಖ್ಯ. ನನ್ನ ಸಲಹೆಯೆಂದರೆ, ಹಿಂದಿನ ದಿನ ಮಧ್ಯಾಹ್ನವೇ ಊರು ತಲುಪಿ, ಮೊದಲು ಜಾಮಿಯಾ ಮಸೀದಿಗೆ ಹೋಗಿ.

ಈ ಮಸೀದಿ ಒಂದನೇ ಅಲಿ ಆದಿಲ್‌ಶಾಹನ ಕಾಲದ್ದು. 1565ರ ತಾಳಿಕೋಟೆ ಯುದ್ಧದ ನಂತರ ಕೈಗೆತ್ತಿಕೊಂಡ ಕೆಲಸ. ನಮಾಜಿನ ಹೊತ್ತು ಬಿಟ್ಟು ಹೋಗಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ನಡೆದು, ನಡುವಿನ ದೊಡ್ಡ ಗುಮ್ಮಟದ ಕೆಳಗೆ ನಿಂತು ಮೇಲೆ ನೋಡಿ. ಕೆಳಗಿನ ಅಂಕಣ ಚೌಕ, ಮೇಲಿನ ಗುಮ್ಮಟ ದುಂಡಗೆ. ಚೌಕದ ಮೇಲೆ ದುಂಡನೆಯದನ್ನು ಕೂರಿಸಿದರೆ ನಾಲ್ಕೂ ಮೂಲೆಗಳಲ್ಲಿ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿಯನ್ನು ತುಂಬುವುದೇ ಗುಮ್ಮಟ ಕಟ್ಟುವವರ ಎದುರಿನ ಹಳೆಯ ಪ್ರಶ್ನೆ. ಇಲ್ಲಿನವರ ಉತ್ತರ, ಒಂದನ್ನೊಂದು ಕತ್ತರಿಸಿ ಹೋಗುವ ಕಮಾನುಗಳು. ರಂಗೋಲಿಯಲ್ಲಿ ಒಂದು ಚೌಕ ಬರೆದು ಅದರ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಹಾಕಿದರೆ ಎಂಟು ಮೂಲೆಯ ನಕ್ಷತ್ರವಾಗುತ್ತದಲ್ಲ, ಅದರ ನಡುವೆ ತಾನಾಗಿಯೇ ಒಂದು ಅಷ್ಟಕೋನ ಮೂಡುತ್ತದೆ. ಆ ಎರಡು ಚೌಕಗಳ ಎಂಟು ಗೆರೆಗಳನ್ನೇ ಎಂಟು ಕಮಾನುಗಳೆಂದುಕೊಳ್ಳಿ. ಅವು ಕೂಡುವ ಅಷ್ಟಕೋನದ ಮೇಲೆ ಗುಮ್ಮಟ ನಿರಾಯಾಸವಾಗಿ ಕೂರುತ್ತದೆ. ಕತ್ತು ನೋಯುವಷ್ಟು ಹೊತ್ತು ನೋಡಿ, ಈ ಆಕಾರ ಮನಸ್ಸಿನಲ್ಲಿ ನಿಲ್ಲಲಿ.

ಮರುದಿನ ಬೆಳಿಗ್ಗೆ 6ಕ್ಕೇ ಗೋಳಗುಮ್ಮಟದ ಗೇಟಿನಲ್ಲಿರಿ. ಶಾಲಾ ಪ್ರವಾಸದ ಬಸ್ಸುಗಳು ಬಂದ ಮೇಲೆ ಒಳಗೆ ನಿಂತು ಯೋಚಿಸುವುದು ಸಾಧ್ಯವಿಲ್ಲ. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್‌ಶಾಹನ ಸಮಾಧಿ ಇದು. ಹಾಲ್‌ನ ನಡುವೆ ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗೆ ಮಾತ್ರ, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ. ಈಗ ಕಣ್ಣನ್ನು ಗೋಡೆಯಿಂದ ಮೇಲಕ್ಕೆ ಒಯ್ಯಿರಿ. ನಿನ್ನೆ ಮಸೀದಿಯಲ್ಲಿ ಕಂಡ ಅದೇ ಎಂಟು ಕಮಾನುಗಳು, ಅದೇ ಅಷ್ಟಕೋನ. ಆದರೆ ಹಾಲ್ ಒಂದೊಂದು ಬದಿಗೆ ಸುಮಾರು 41 ಮೀಟರ್. ಸುಮಾರು 1,700 ಚದರ ಮೀಟರ್ ನೆಲದ ಮೇಲೆ ಒಂದೇ ಒಂದು ಕಂಬವಿಲ್ಲ. ಮಸೀದಿಯನ್ನು ಮೊದಲು ನೋಡಿದವರಿಗೆ ಈ ಧೈರ್ಯದ ಅಳತೆ ತಕ್ಷಣ ಸಿಗುತ್ತದೆ.

ಗುಮ್ಮಟ ಇಟ್ಟಿಗೆ ಮತ್ತು ದಪ್ಪ ಸುಣ್ಣದ ಗಾರೆಯದು. ಹೊರಗಿನ ವ್ಯಾಸ ಸುಮಾರು 44 ಮೀಟರ್, ಒಳಗಿನದು ಸುಮಾರು 38. ಇಷ್ಟು ಭಾರದ ಗುಮ್ಮಟ ತನ್ನ ಬುಡವನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ತಡೆಯದಿದ್ದರೆ ಗೋಡೆ ಬಾಯಿಬಿಡುತ್ತದೆ. ಗೋಡೆಗಳು ಸುಮಾರು 3 ಮೀಟರ್ ದಪ್ಪವಿವೆ, ನಿಜ. ಆದರೆ ಜಾಣತನವಿರುವುದು ಬೇರೆ ಕಡೆ. ಕಮಾನುಗಳು ಒಂದನ್ನೊಂದು ದಾಟುವಲ್ಲಿ ಅವುಗಳ ನಡುವಿನ ಕಲ್ಲು-ಗಾರೆಯ ರಾಶಿ ಹಾಲ್‌ನ ಒಳಗಡೆಗೆ ಬಾಗಿ ಚಾಚಿಕೊಂಡಿದೆ. ಅದರ ಭಾರ ಒಳಕ್ಕೆ ಎಳೆಯುತ್ತದೆ, ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಎರಡೂ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಆ ಚಾಚಿದ ಭಾಗದ ಮೇಲ್ಮೈಯೇ ನೀವು ಹತ್ತಿ ನಿಲ್ಲುವ ಪಿಸುಗುಟ್ಟುವ ಮೊಗಸಾಲೆ. ಅಂದರೆ ಅದು ಜನ ಓಡಾಡಲೆಂದಷ್ಟೇ ಮಾಡಿದ ಜಾಗವಲ್ಲ, ಕಟ್ಟಡವನ್ನು ಹಿಡಿದಿಟ್ಟ ತೂಕ.

ಅಲ್ಲಿಗೆ ಮೂಲೆಯ ಏಳಂತಸ್ತಿನ ಗೋಪುರದ ಮೆಟ್ಟಿಲು ಹತ್ತಬೇಕು. ಮೆಟ್ಟಿಲು ಕಡಿದು, ದಾರಿ ಇಕ್ಕಟ್ಟು. ಮೊಣಕಾಲು ನೋವಿರುವವರು ಪ್ರತಿ ಅಂತಸ್ತಿನಲ್ಲಿ ನಿಂತು ಹತ್ತಲಿ. ಮೊಗಸಾಲೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ನಡೆಯುತ್ತವೆ. ಗೋಡೆಗೆ ಬಾಯಿ ತಾಗಿಸಿದಂತೆ ಇಟ್ಟು ಮೆಲ್ಲಗೆ ಮಾತಾಡಿದರೆ ಸದ್ದು ಬಾಗಿದ ಗೋಡೆಯನ್ನು ಬಿಡದೆ, ಅದರ ಗುಂಟ ಜಾರುತ್ತ ಸುತ್ತಿಬಂದು ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟವರನ್ನು ಮುಟ್ಟುತ್ತದೆ. ಚಪ್ಪಾಳೆಯದು ಇನ್ನೊಂದು ಬಗೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎದುರು ಗೋಡೆಗೆ ಹೋಗಿ ಮರಳಲು 76 ಮೀಟರ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತಡವಾಗಿ ಬಂದ ಸದ್ದನ್ನು ಕಿವಿ ಬೇರೆಯದೆಂದೇ ಕೇಳುತ್ತದೆ. ನಯವಾದ ಗಟ್ಟಿ ಗಾರೆ ಸದ್ದನ್ನು ಹೆಚ್ಚು ಹೀರುವುದಿಲ್ಲವಾದ್ದರಿಂದ ಅದು ಮತ್ತೆ ಮತ್ತೆ ಮರಳುತ್ತದೆ. ಒಂದು ಚಪ್ಪಾಳೆ ಏಳೆಂಟು ಬಾರಿ ಕೇಳುವುದು ಹೀಗೆ. ನಲವತ್ತು ಜನ ಒಟ್ಟಿಗೆ ಕಿರುಚಿದಾಗ ಇದ್ಯಾವುದೂ ಕೇಳಿಸದು. ನಿಮ್ಮ ಜೊತೆ ಮಕ್ಕಳಿದ್ದರೆ ಮೊದಲೇ ತಿಳಿಸಿ ಹೇಳಿ. ಗೋಡೆಯ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ಸುಮ್ಮನಿರಬೇಡಿ, ಆ ಗಾರೆ ಕಿತ್ತರೆ ಸದ್ದೂ ಹೋಗುತ್ತದೆ. ಆವರಣದಲ್ಲಿರುವ ನಗಾರಿಖಾನೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಇಷ್ಟು ಜನರಿದ್ದ ಬಿಸಿಲೂರಿಗೆ ಕುಡಿಯುವ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಪ್ರವಾಸಿಗರು ಕೇಳುವುದೇ ಅಪರೂಪ. ನನಗೆ ಊರಿನ ಅತಿ ದೊಡ್ಡ ಸಾಧನೆ ಇದೇ. ಪಶ್ಚಿಮಕ್ಕೆ ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು. ದಕ್ಷಿಣದಲ್ಲಿ ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿ, ನೆಲದಾಳದಲ್ಲಿ ಹೂತ ಮಣ್ಣಿನ ಕೊಳವೆಗಳಲ್ಲಿ ಊರಿಗೆ ಹರಿಸಿದ. ಪಂಪು ಇಲ್ಲ, ಇಳಿಜಾರೇ ಎಲ್ಲ. ಆದರೆ ಇಳಿಜಾರಿನಲ್ಲಿ ಬರುವ ನೀರಿನ ಒತ್ತಡ ಹೆಚ್ಚಾದರೆ ಮಣ್ಣಿನ ಕೊಳವೆ ಒಡೆಯುತ್ತದೆ, ಜೊತೆಗೆ ಬರುವ ಹೂಳು ಕಟ್ಟಿಕೊಳ್ಳುತ್ತದೆ. ಎರಡಕ್ಕೂ ಒಂದೇ ಪರಿಹಾರ, ದಾರಿಯುದ್ದಕ್ಕೂ ಕಟ್ಟಿದ ಗಂಜ್ ಎಂಬ ಚೌಕಾಕಾರದ ನೀರಿನ ಗೋಪುರಗಳು. ಕೊಳವೆಯ ನೀರು ಗಂಜ್ ಒಳಗೆ ಮೇಲೇರಿ ಒತ್ತಡ ಕಳೆದುಕೊಳ್ಳುತ್ತದೆ, ಹೂಳು ಅಡಿಗೆ ಇಳಿಯುತ್ತದೆ, ತಿಳಿನೀರು ಮುಂದಕ್ಕೆ ಹೊರಡುತ್ತದೆ. 25ರಿಂದ 40 ಅಡಿ ಎತ್ತರದ ಇವುಗಳಲ್ಲಿ ಕೆಲವು ಈಗಲೂ ಮನೆಗಳ ನಡುವೆ ನಿಂತಿವೆ. ಆಟೋದವರಿಗೆ ಗಂಜ್ ತೋರಿಸಿ ಎಂದರೆ ಮಾರ್ಕೆಟ್ಟಿಗೆ ಕರೆದೊಯ್ದಾರು, ಹಳೇ ನೀರಿನ ಗೋಪುರ ಎಂದು ಬಿಡಿಸಿ ಹೇಳಿ.

ಇದೇ ಸುತ್ತಿನಲ್ಲಿ ತಾಜ್ ಬಾವಡಿ ನೋಡಿ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದ್ದು, ಸುಮಾರು 1620ರದು. ಬದಿಗೆ 223 ಅಡಿಯ ಚೌಕ ಕೊಳ, ಎದುರಿಗೆ ದೊಡ್ಡ ಕಮಾನು, ಕಮಾನಿನ ಎರಡೂ ಬದಿ ಗೋಪುರ, ದಂಡೆಯ ಮೇಲೆ ದೂರದಿಂದ ಬಂದವರು ತಂಗುವ ಕೋಣೆಗಳು.

ಅಲ್ಲಿಂದ ಅದೇ ಇಬ್ರಾಹಿಂನ ಸಮಾಧಿಯಿರುವ ಇಬ್ರಾಹಿಂ ರೋಜಾ ಹತ್ತಿರವೇ. ಸಂಜೆ ನಾಲ್ಕರ ಮೇಲೆ ಹೋಗಿ, ಪಶ್ಚಿಮದ ಬಿಸಿಲು ಕೆತ್ತನೆಯ ಮೇಲೆ ಓರೆಯಾಗಿ ಬಿದ್ದಾಗ ಅಕ್ಷರಗಳು ಎದ್ದು ಕಾಣುತ್ತವೆ. ಒಂದೇ ಜಗಲಿಯ ಮೇಲೆ ಸಮಾಧಿ ಮತ್ತು ಮಸೀದಿ ಎದುರುಬದುರು, ನಡುವೆ ಕೊಳ. ಶಾಸನದಲ್ಲಿ ಮಲಿಕ್ ಸಂದಲ್ ಎಂಬ ಕಟ್ಟಡಗಾರನ ಹೆಸರಿದೆ. ಕಿಟಕಿಯ ಜಾಲಂಧ್ರಗಳನ್ನು ಹತ್ತಿರ ಹೋಗಿ ನೋಡಿ. ಅವು ಬಳ್ಳಿಯೂ ಅಲ್ಲ ಹೂವೂ ಅಲ್ಲ, ಅರಬ್ಬಿ ಅಕ್ಷರಗಳು. ಅಕ್ಷರವನ್ನು ಉಳಿಸಿ ಸುತ್ತಲ ಕಲ್ಲನ್ನು ತೂತು ಮಾಡಿದ್ದರಿಂದ ಬೆಳಕು ಬರಹದ ಸಂದಿಯಿಂದ ಒಳಗೆ ಬರುತ್ತದೆ. ಗೋರಿಯ ಕೋಣೆಯೊಳಗೆ ಗುಮ್ಮಟ ಕಾಣುವುದಿಲ್ಲ. ಅದರ ಕೆಳಗೆ ಇನ್ನೊಂದು ಕಲ್ಲಿನ ಚಾವಣಿ ಇದೆ. ಕೋಣೆ ಬದಿಗೆ ಸುಮಾರು 12 ಮೀಟರ್. ಚಾವಣಿ ಅಂಚಿನಲ್ಲಿ ಬಾಗಿ, ನಡುವಿನ 7 ಮೀಟರ್‌ನಷ್ಟು ಚೌಕದಲ್ಲಿ ಪೂರ್ತಿ ಚಪ್ಪಟೆ. ಕೆಳಗೆ ಕಂಬವಾಗಲಿ ತೊಲೆಯಾಗಲಿ ಇಲ್ಲ. ಚಪ್ಪಡಿಗಳನ್ನು ಅಂಚಿಗೆ ಅಂಚು ಕೂಡಿಸಿ ಗಾರೆಯ ಹಿಡಿತದ ಮೇಲೆಯೇ ನಿಲ್ಲಿಸಿದ್ದಾರೆ. ಒಳಗೆ ಕತ್ತಲಿರುತ್ತದೆ, ಚಪ್ಪಡಿಗಳ ಕೂಡುಗೆರೆ ಕಾಣಬೇಕಾದರೆ ಒಂದು ಟಾರ್ಚು ಜೊತೆಗಿರಲಿ.