ಪ್ಲಾಸ್ಟಿಕ್ಕಿನ ಮೇಲ್ಮೈಯಲ್ಲಿ ಸೂಕ್ಷ್ಮ ರಚನೆಗಳು: ಅಚ್ಚಿನಿಂದ ಬಿಡಿಸುವ ಸಮಸ್ಯೆ

ಚೌಳಹಿರಿಯೂರಿನಂತಹ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುವ ರೂಢಿ ಸುವಿದಿತವಾದುದು. ಪಾಕವನ್ನು ಎರೆಯುವ ಮೊದಲು ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿಡುತ್ತಾರೆ. ಹಾಗೆ ಮಾಡದಿದ್ದಲ್ಲಿ ಪಾಕವು ಮರಕ್ಕೆ ಕಚ್ಚಿಕೊಂಡು, ಬಿಡಿಸುವಾಗ ಆನೆಯ ಸೊಂಡಿಲೋ ಗಿಳಿಯ ಕೊಕ್ಕೋ ಮುರಿದು ಅಚ್ಚಿನಲ್ಲಿಯೇ ಉಳಿಯುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರಚನೆಗಳನ್ನು ಮೂಡಿಸುವವರ ಮುಖ್ಯ ತೊಡಕೂ ಇದೇ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ವಿಧಾನವು ಸರಳವಾಗಿದೆ. ಅಕ್ರಿಲಿಕ್ ಎಂದು ರೂಢಿಯಲ್ಲಿರುವ ಪ್ಲಾಸ್ಟಿಕ್ಕು ಸುಮಾರು 105 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಮೆದುವಾಗತೊಡಗುತ್ತದೆ. ಅದಕ್ಕಿಂತ ಹೆಚ್ಚಾಗಿ ಕಾಯಿಸಿ, ಅಚ್ಚನ್ನು ಒತ್ತಿ ಹಿಡಿದು, ತಣಿಸಿ ಬಿಡಿಸಿದರೆ ಅಚ್ಚಿನ ಪ್ರತಿರೂಪವು ಮೂಡುತ್ತದೆ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಕ್ಕೆ ರಭಸದಿಂದ ನುಗ್ಗಿಸುವುದು ಇನ್ನೊಂದು ಕ್ರಮ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕುಗಳು ನಿಕಲ್ ಅಚ್ಚಿನ ಮೇಲೆ ಹೀಗೆಯೇ ತಯಾರಾದುವು. ಅವುಗಳ ಗುಳಿಗಳ ಅಗಲ ಸುಮಾರು ಅರ್ಧ ಮೈಕ್ರಾನ್. 1995ರಲ್ಲಿ ಅಮೆರಿಕದ ಸ್ಟೀಫನ್ ಚೌ ಮತ್ತು ಸಂಗಡಿಗರು ಒತ್ತುವ ವಿಧಾನದಿಂದಲೇ 25 ನ್ಯಾನೋಮೀಟರ್ ಗಾತ್ರದ ರಚನೆಗಳನ್ನು ಮೂಡಿಸಿದರು.

ಆದುದರಿಂದ ಪ್ಲಾಸ್ಟಿಕ್ಕು ಅಚ್ಚನ್ನು ತುಂಬುವುದೆಂಬುದರಲ್ಲಿ ಸಂದೇಹವಿಲ್ಲ. ಅದು ಮುರಿಯದೆ ಹೊರಬರುವುದೇ ಎಂಬುದು ಪ್ರಶ್ನೆ. ಚೌಕ ಬುಡದ ಒಂದು ಕಂಬವನ್ನು ಭಾವಿಸೋಣ. ಎತ್ತರವು ಅಗಲದಷ್ಟೇ ಇದ್ದಲ್ಲಿ, ಅಚ್ಚಿಗೆ ತಗಲಿರುವ ನಾಲ್ಕು ಪಕ್ಕಗಳ ಒಟ್ಟು ವಿಸ್ತೀರ್ಣವು ಬುಡದ ವಿಸ್ತೀರ್ಣದ 4 ಮಡಿ. ಎತ್ತರವು ಅಗಲದ 5 ಪಟ್ಟಾದರೆ ಅದು 20 ಮಡಿಯಾಗುತ್ತದೆ. ಬಿಡಿಸುವಾಗ ಪಕ್ಕಗಳ ಹಿಡಿತವನ್ನೆಲ್ಲ ಆ ಬುಡವೊಂದೇ ತಾಳಬೇಕು. ಇದರ ಜೊತೆಗೆ, ತಣಿಯುವಾಗ ಅಕ್ರಿಲಿಕ್ಕು ನಿಕಲ್‌ಗಿಂತ ಸುಮಾರು ಐದು ಪಟ್ಟು ಹೆಚ್ಚಾಗಿ ಕುಗ್ಗುವುದರಿಂದ ಹಿಡಿತವು ಇನ್ನೂ ಬಿಗಿಯಾಗುತ್ತದೆ.

ಪರಿಹಾರಗಳು ಮೂರು. ಅಚ್ಚಿನ ಗೋಡೆಗಳಿಗೆ ಸ್ವಲ್ಪ ಇಳಿಜಾರು ಕೊಡುವುದು ಮೊದಲನೆಯದು. ಪೂರ್ತಿ ತಣಿಯಲು ಬಿಡದೆ, ಪ್ಲಾಸ್ಟಿಕ್ಕು ಗಟ್ಟಿಯಾದ ಕೂಡಲೇ ಬಿಡಿಸಿ ಕುಗ್ಗುವಿಕೆಯನ್ನು ಮಿತಗೊಳಿಸುವುದು ಎರಡನೆಯದು. ಅಚ್ಚಿನ ಮೈಗೆ ಫ್ಲೋರಿನ್ ಕೂಡಿದ ಅಣುಗಳ ಅತಿ ತೆಳುವಾದ ಲೇಪವನ್ನು ಕೊಟ್ಟು ಅಂಟನ್ನು ತಗ್ಗಿಸುವುದು ಮೂರನೆಯದು.

ಈ ಎಚ್ಚರಿಕೆಯು ಅನಾವಶ್ಯಕವೆಂದು ಭಾವಿಸಲಾಗದು. ಒಂದು ಹನಿ ರಕ್ತವನ್ನು ಪರೀಕ್ಷಿಸುವ ಪ್ಲಾಸ್ಟಿಕ್ ಬಿಲ್ಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿರುತ್ತವೆ. ಮುರಿದ ಚೂರೊಂದು ಅಚ್ಚಿನಲ್ಲಿ ಉಳಿದರೆ, ಆ ಬಿಲ್ಲೆಯೊಂದೇ ಅಲ್ಲ, ಅದರ ಹಿಂದೆ ಬರುವ ಪ್ರತಿಯೊಂದು ಬಿಲ್ಲೆಯೂ ಅದೇ ಊನವನ್ನು ಹೊತ್ತು ಬರುತ್ತದೆ. ಮರದ ಅಚ್ಚನ್ನು ನೆನೆಸಿಡುವ ಗೃಹಿಣಿಯ ಜಾಣ್ಮೆಯು ಪ್ರಯೋಗಶಾಲೆಗೂ ಸಲ್ಲತಕ್ಕದ್ದೆಂದು ನಾವು ಭಾವಿಸುತ್ತೇವೆ.